ಸತ್ಯಾಳ ಬೇಸು

ಸಾಮಿಯಾತಾಳ್ ಅಂಗಳದಲ್ಲಿ ಕೂತು ಕೊಳೆತ ಟೊಮೇಟೊ ಆರಿಸಿ ಎಸೆಯುತ್ತಿದ್ದಳು. ಮೊಮ್ಮಗಳು ಸತ್ಯಾ ಹಿಂದಿನಿಂದ ಬಂದು, ಕ್ರೇಟಿನಲ್ಲಿ ಉಳಿದಿದ್ದ ಹಣ್ಣನ್ನೆಲ್ಲ ಗೋಣಿಯ ಮೇಲೆ ಸುರಿದು, ಖಾಲಿ ಕ್ರೇಟನ್ನು ಬೋರಲು ಹಾಕಿ, ತನ್ನ ಬೇಸ್ ಗಿಟಾರಿನ ಆಂಪ್ಲಿಫೈಯರನ್ನು ಅದರ ಮೇಲೆ ಕೂರಿಸಿ ನೋಡಿದಳು.

“ಅದ್ಯಾಕೆ ಕಣ್ಣು, ಆ ಪೆಟ್ಟಿಗೆಗೆ ಸಿಂಹಾಸನ?”

“ನೆಲದ ಮೇಲಿಟ್ರೆ ಸ್ಟೇಜೆಲ್ಲ ಗುಂಯ್ ಅಂತದೆ ಅವ್ವ, ಎದುರಿಗೆ ಕೂತೋರಿಗೆ ಏನೂ ಕೇಳಲ್ಲ. ಕೊಯಮತ್ತೂರಲ್ಲಿ ಸೌಂಡ್ ಕೆಲಸ ಓದ್ತಿರೋ ಸುಮುಖ ಫೋನಲ್ಲಿ ಹೇಳಿದ. ಎತ್ತರಕ್ಕಿಟ್ಟು ಮೂತಿ ನನ್ನ ಕಿವಿ ಕಡೆ ತಿರುಗಿಸ್ಬೇಕಂತೆ. ಇಷ್ಟು ದಿನ ನನ್ನ ಮೊಣಕಾಲಿಗೆ ಕಚೇರಿ ಮಾಡಿದ್ದೇ ಬಂತು. ಆಮೇಲೆ ಬೇಸ್ ಅನ್ನೋ ಗುಂಡಿ ಇಳಿಸಿ, ನಡುವಿನದನ್ನ ಏರಿಸ್ಬೇಕಂತೆ. ಆಗಲೇ ಬೇಸ್ ಚೆನ್ನಾಗಿ ಕೇಳೋದಂತೆ.”

“ಉಪ್ಪು ತೆಗೆದ್ರೆ ಉಪ್ಪಾಗುತ್ತೆ ಅಂದಂಗಾಯ್ತು. ಇರ್ಲಿ, ಓದಿದ ಹುಡುಗ.”

ನಗುವ ಹೊತ್ತಾಗಿರಲಿಲ್ಲ ಸತ್ಯಾಳಿಗೆ. ಅವಳ ಲೈಟ್ ಮ್ಯೂಸಿಕ್ ತಂಡದ ದಿವಾಕರ್, ಕೊಯಮತ್ತೂರು ಆರ್.ಎಸ್. ಪುರಂನ ಒಂದು ಕ್ಲಬ್ಬಿಗೆ ತಿಂಗಳಿಗೊಂದು ಕಚೇರಿಗೆ ಅವಕಾಶ ಕೊಡಿ ಎಂದು ಕಾಗದ ಬರೆದು, ದೀಪಾವಳಿಯಿಂದ ಅದನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದ. ಕ್ಲಬ್ಬಿನ ಮುದಿ ಕಾರ್ಯದರ್ಶಿಗೆ ಕಾಗದವೇ ಆಗಬೇಕು, ಫೋನು ಗೀನು ನಡೆಯುವುದಿಲ್ಲ. ಅದರಲ್ಲಿ ಎಲ್ಲರ ವಾದ್ಯ, ಎಲ್ಲರ ಹೆಸರು ಇತ್ತು. ಕೊನೆಯ ಸಾಲು ಮಾತ್ರ ಖಾಲಿ. “ಕೇಳಿಸದೆ ಇರೋದರ ಹೆಸರು ಹೆಂಗಮ್ಮಾ ಬರೀಲಿ?” ಎನ್ನುತ್ತಿದ್ದ. ಇವತ್ತು ಉಡುಮಲೈಪೇಟೆಯಲ್ಲಿ ಒಂದು ಮಗುವಿನ ಕಿವಿ ಚುಚ್ಚುವ ಕಾರ್ಯ. ಅಲ್ಲೂ ಬೇಸ್ ಕೇಳಿಸದಿದ್ದರೆ ಬೇಸ್ ನುಡಿಸಲು ಕೀಬೋರ್ಡಿನವನ ಎಡಗೈಯೇ ಸಾಕು, ಸತ್ಯಾ ಮನೆಯಲ್ಲಿರಬಹುದು.

“ಇನ್ನೊಂದಿದೆ ಅವ್ವ. ಹಾಲ್ ತುಂಬಿಸೋದು ಈ ಪೆಟ್ಟಿಗೆಯಿಂದ ಆಗೋ ಕೆಲಸ ಅಲ್ಲ. ಇದರ ಬೆನ್ನಿಂದ ಒಂದು ವೈರು ಸೌಂಡ್ ಸೆಟ್‌ನೋರ ಮಿಕ್ಸರ್‌ಗೆ ಹೋಗ್ಬೇಕು. ಅಲ್ಲಿ ವೈರುಗಳ ಜಾತ್ರೆ. ಯಾವುದು ನಂದು ಅಂತ ಗೊತ್ತಾಗೋ ಹಂಗೆ ಪಟ್ಟಿ ಅಂಟಿಸ್ಬೇಕು.”

“ತಾ, ನಾನು ಬರೀತೀನಿ.”

ರಾತ್ರಿ ಶಾಲೆಗೆ ಹೋಗಿ ತಮಿಳು ಅಕ್ಷರ ಕಲಿತಾಗಿನಿಂದ ಸಾಮಿಯಾತಾಳ್ ಉಪ್ಪಿನ ಡಬ್ಬಿಯಿಂದ ಹಿಡಿದು ಕೊಟ್ಟಿಗೆಯ ಬಾಗಿಲವರೆಗೆ ಎಲ್ಲಕ್ಕೂ ಹೆಸರು ಬರೆದಿದ್ದಳು. ಮನೆಯ ಮಾತು ಕನ್ನಡ, ಕೈಗೆ ಬಂದ ಅಕ್ಷರ ತಮಿಳು. ‘ಬೇಸು’ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ದುಂಡಗೆ ಬರೆದು, ಪಟ್ಟಿಯನ್ನು ವೈರಿಗೆ ತಾನೇ ಸುತ್ತಿದಳು.

ಉಡುಮಲೈಪೇಟೆಯ ಮಂಟಪದಲ್ಲಿ ಸಾಮಿಯಾತಾಳ್ ಫ್ಯಾನಿನ ಗಾಳಿಗೆಂದು ಮಿಕ್ಸರಿನ ಪಕ್ಕ ಕೂತಳು. ಮೊದಲನೆಯ ಹಾಡು ಮುಗಿಯಿತು. ಸತ್ಯಾಳ ಬೆರಳು ಆಡಿದ್ದು ಕಂಡಿತೇ ಹೊರತು ಬೇಸ್ ಕೇಳಿಸಲೇ ಇಲ್ಲ. ಹಾಡುತ್ತಿದ್ದ ದಿವಾಕರ್ ಸತ್ಯಾಳ ಕಡೆ ತಿರುಗಿ, ಅಂಗಿಯ ಜೇಬನ್ನು ಮೆಲ್ಲಗೆ ತಟ್ಟಿಕೊಂಡ.

ಅಷ್ಟರಲ್ಲಿ ಮಗುವಿನ ಸೋದರಮಾವ ನಂಜಪ್ಪನ್ ಎರಡು ಮಾತಾಡಲು ವೇದಿಕೆ ಹತ್ತಿ, ದಿವಾಕರ್ ಕೊಟ್ಟ ಮೈಕು ಹಿಡಿದ. ಸೌಂಡ್ ಸೆಟ್‌ನ ಸೋಮಸುಂದರಂ ಮಿಕ್ಸರಿನ ಒಂದು ಕಡ್ಡಿಯನ್ನು ಮೇಲಕ್ಕೆ ತಳ್ಳಿದ. ಸತ್ಯಾ ತಲೆ ತಗ್ಗಿಸಿ ತಂತಿಯ ಶ್ರುತಿ ನೋಡುತ್ತಿದ್ದಳು.

“ನಮ್ಮ ಕುಲದಲ್ಲಿ ಸೋದರಮಾವ ಅಂದ್ರೆ...”

ಡುಂ.

“ಬೆಟ್ಟ ನಿಂತ ಹಾಗೆ...”

ಡುಂ.

ಊಟದ ಸಾಲಿನಲ್ಲಿ ಲೋಟಗಳು ಅದುರಿದವು. ಕಿವಿ ನೋವಿಗೆ ಅಳುತ್ತಿದ್ದ ಮಗು ಬಾಯಿ ತೆರೆದೇ ಸುಮ್ಮನಾಯಿತು. ಸತ್ಯಾ ತನ್ನ ಬೆರಳನ್ನೇ ತಾನು ನೋಡಿಕೊಂಡಳು. ನಂಜಪ್ಪನ್ ಬೇಗನೆ ಆಶೀರ್ವಾದ ಮಾಡಿ ಇಳಿದುಬಿಟ್ಟ. ಸೋಮಸುಂದರಂ ಕಡ್ಡಿಯನ್ನು ಕೆಳಗೆಳೆದ. ಮುಂದಿನ ಹಾಡಿನಲ್ಲಿ ಬೇಸ್ ಮತ್ತೆ ಮಾಯ.

“ಅದನ್ಯಾಕಪ್ಪ ಇಳಿಸ್ದೆ?” ಸಾಮಿಯಾತಾಳ್ ಕೇಳಿದಳು.

“ಮಾತು ಮುಗೀತಲ್ಲ ಪಾಟಿ,” ಎಂದ ಅವನು, ಅಜ್ಜಿ ಎನ್ನುವುದನ್ನು ತಮಿಳಿನಲ್ಲೇ ಹೇಳಿ. “ಹಾಡೋವಾಗ ಮಾತಿನ ಮೈಕು ತೆರೆದಿದ್ರೆ ಕುಂಯ್ ಅಂತ ಕೂಗುತ್ತೆ.”

“ಮಾತಿನ ಮೈಕು ಅಂತ ನಿನಗ್ಯಾರು ಹೇಳಿದ್ದು?”

ಅವನು ವೈರನ್ನು ಎತ್ತಿ ಹಿಡಿದ. “ಇದೋ, ಬರೆದಿದೆಯಲ್ಲ. ಯಾರೋ ಮುತ್ತು ಪೋಣಿಸಿದ ಹಂಗೆ ಬರೆದಿದ್ದಾರೆ. ಪೇಸು.”

ತಮಿಳಿನಲ್ಲಿ ಪಕಾರಕ್ಕೂ ಬಕಾರಕ್ಕೂ ಇರುವುದು ಒಂದೇ ಅಕ್ಷರ. ‘ಪೇಸು’ ಎಂದರೆ ಅಲ್ಲಿ ‘ಮಾತಾಡು’. ಮುತ್ತು ಪೋಣಿಸಿದ ಹಂಗೆ ಎಂಬ ಮಾತಿಗೆ ಅರಳಿದ್ದ ಅಜ್ಜಿಯ ಮುಖ ಅರ್ಧಕ್ಕೇ ನಿಂತಿತು.

“ಅದು ಬೇಸು. ಆ ಹುಡುಗಿ ಕೈಲಿರೋದು. ಏರಿಸಪ್ಪ.”

“ಬೇಸಾ? ಹಾಗಾದ್ರೆ ಬರೆದೋರು ಯಾರೋ ಸರಿಯಾದ ದಡ್ಡರು ಪಾಟಿ.”

“ಅಕ್ಷರ ಚೆನ್ನಾಗಿದೆ ಅಂದೆಯಲ್ಲ, ಅಷ್ಟಕ್ಕೇ ನಿಲ್ಲಿಸು. ಏರಿಸು.”

ಏರಿಸಿದ. ಅಲ್ಲಿಯವರೆಗೆ ಗಾಳಿಯಲ್ಲಿ ತೇಲುತ್ತಿದ್ದ ಹಾಡು ಕಾಲೂರಿ ನಡೆಯತೊಡಗಿತು. ಅಡುಗೆಯವರು ಸೌಟು ಹಿಡಿದೇ ಬಾಗಿಲಿಗೆ ಬಂದರು. ದಿವಾಕರ್ ಸಾಲು ಮರೆತು ಹಿಂದಕ್ಕೆ ತಿರುಗಿದ. ಜೇಬಿನ ಮೇಲಿದ್ದ ಕೈ ಕೆಳಗಿಳಿಯಿತು.

ಊಟದ ನಡುವೆಯೇ ಅವನು ಕಾಗದ ಬಿಡಿಸಿ ಪೆನ್ನು ಚಾಚಿದ. “ಬರಿಯಮ್ಮಾ, ನಿನ್ನ ಸಾಲು ನೀನೇ ತುಂಬು.” ಸತ್ಯಾಳ ಕೈಯೆಲ್ಲ ಸಾರು. ಅಜ್ಜಿ ಆಗಲೇ ಕೈ ತೊಳೆದು ಬಂದಿದ್ದಳು, ಪೆನ್ನು ತೆಗೆದುಕೊಂಡಳು.

“ಅವ್ವ, ಕೊನೇಲಿ ‘ಸು’ ಬೇಡ. ‘ಸ’ ಬರೆದು ತಲೆ ಮೇಲೆ ಚುಕ್ಕಿ ಇಡು, ‘ಸ್’ ಆಗುತ್ತೆ.”

“ಬಾಯಲ್ಲಿ ಹೆಂಗೋ ಕೈಯಲ್ಲೂ ಹಂಗೇ. ಟೀಚರಮ್ಮನೇ ಹೇಳಿಕೊಟ್ಟಿದ್ದು.”

ಸತ್ಯಾ ತಡೆಯಲು ಬಾಯಿ ತೆರೆದಳು. ಏನನ್ನಿಸಿತೋ, ಅದಕ್ಕೊಂದು ತುತ್ತು ಹಾಕಿಕೊಂಡಳು. ದಿವಾಕರ್ ಓದಿ ನೋಡದೆ ಲಕೋಟೆ ಅಂಟಿಸಿ, ಅಂದೇ ಬಸ್ ಸ್ಟ್ಯಾಂಡಿನ ಅಂಚೆ ಡಬ್ಬಿಗೆ ಹಾಕಿ ಬಂದ.

ಕೀಬೋರ್ಡು, ಡ್ರಮ್ಸು, ತಬಲಾ ಎಲ್ಲ ದಾಟಿದ ಮೇಲೆ, ಕೊನೆಯ ಸಾಲಿನಲ್ಲಿ, ಆರ್.ಎಸ್. ಪುರಂನ ಆ ಮುದಿ ಕಾರ್ಯದರ್ಶಿ ಕನ್ನಡಕ ಏರಿಸಿಕೊಂಡು ಓದಬೇಕಾದದ್ದು ಇಷ್ಟು: “ಪೇಸು, ಸತ್ಯಾ.”