ಎದುರು ಬರಬಾರದವಳು

ಗಂಡ ಸತ್ತ ಮೇಲೆ ಅವಳು ಸೀರೆ ಅಂಗಡಿಯ ಕೆಲಸ ಬಿಟ್ಟು ಲಾ ಕಾಲೇಜು ಸೇರಿದಳು. ಮನೆಯೊಡತಿಯ ಮಗಳೂ ಅದೇ ಕ್ಲಾಸು.

“ಬಿ.ಎ.ಯಲ್ಲಿ ಎರಡು ಸಲ ಗೋತಾ ಹೊಡೆದವಳು ಲಾಯರ್ ಆಗ್ತಾಳಂತೆ!” ಎಂದು ಒಡತಿ ಬೀದಿಗೆಲ್ಲ ಹೇಳಿಕೊಂಡು ನಕ್ಕಳು.

ಈ ಸಲವೂ ಫೇಲಾದರೆ ಮತ್ತೆ ಸೀರೆ ಮಡಚುವುದೇ ಗತಿ. ಅವಳು ಹಟ ಹಿಡಿದು ಓದಿದಳು.

ಪರೀಕ್ಷೆಯ ಬೆಳಿಗ್ಗೆ ಒಡತಿ ಅವಳನ್ನು ಬಾಗಿಲಲ್ಲೇ ತಡೆದಳು. “ಸ್ವಲ್ಪ ಒಳಗಿರಮ್ಮ. ನಿನ್ನ ಮುಖ ನೋಡಿಕೊಂಡು ಹೊರಟರೆ ನನ್ನ ಮಗಳು ಪಾಸಾದ ಹಾಗೇ!”

“ನನಗೂ ಪರೀಕ್ಷೆ ಇದೆ, ಆಂಟಿ.”

“ನೀನು ಹೇಗಿದ್ದರೂ ಫೇಲಾಗೋಳು. ತಡವಾದರೇನು?”

ಮಗಳು ಹೊರಟ ಮೇಲೆ ಅವಳು ಓಡೋಡುತ್ತ ಹೋಗಿ ಹಾಲ್ ಸೇರಿದಳು, ಬಗ್ಗಿಸಿದ ತಲೆ ಎತ್ತದೆ ಬರೆದಳು. ಹಿಂದಿನ ಬೆಂಚಿನಿಂದ ಒಡತಿಯ ಮಗಳು ಪಿಸುಗುಟ್ಟಿದಳು. “ಅಕ್ಕಾ...”

ಅವಳು ತಿರುಗಹೊರಟಳು.

“ಅಯ್ಯೋ, ಮುಖ ತೋರಿಸಬೇಡಿ ಅಕ್ಕಾ, ಪೇಪರ್ ಮಾತ್ರ ತೋರಿಸಿ.”