ರುಮೆಂಕಾ ಮೇಯ್ದ ಜಾಗ

ಚಿಕ್ಕಮ್ಮ ಕೊಸಾರಾ ಹಾಲಿನ ಕ್ಯಾನನ್ನು ಅಂಗಳದ ಮೇಜಿನ ಮೇಲೆ ಕುಕ್ಕಿ, "ಮೂಸಿ ನೋಡೇ," ಎಂದಳು.

ರಾದ್ಮಿಲಾ ಮೂಸಬೇಕಾಗಿರಲಿಲ್ಲ. ಬೆಳಗ್ಗೆ ಹಾಲು ಕರೆಯುವಾಗಲೇ ಗೊತ್ತಾಗಿತ್ತು, ಹಾಲಿನ ತುಂಬ ಬೆಳ್ಳುಳ್ಳಿ ಘಾಟು. ದಿನಾ ಕೊಡುವ ಹಾಲನ್ನು ಚಿಕ್ಕಮ್ಮನಿಗೆ ಹೇಗೆ ತಪ್ಪಿಸುವುದೆಂದು ತೋಚದೆ ಕಳಿಸಿಬಿಟ್ಟಿದ್ದಳು.

"ಕಾಫಿಗೆ ಹಾಕಿದೆ. ನಿನ್ನ ಚಿಕ್ಕಪ್ಪ ಒಂದು ಗುಟುಕು ಕುಡಿದು, ಇದೇನು ಸಾರಾ, ಉಪ್ಪು ಹಾಕೋದು ಮರೆತೆಯಾ ಅಂದ್ರು." ಕೊಸಾರಾ ಹತ್ತಿರ ಸರಿದು ದನಿ ತಗ್ಗಿಸಿದಳು. "ನಿಮ್ಮ ರುಮೆಂಕಾ ಕಾಡುಬೆಳ್ಳುಳ್ಳಿ ಮೇಯ್ದಿದೆ. ನಿನ್ನೆ ಹಸು ಹೊಡ್ಕೊಂಡು ಹೋದೋಳು ನೀನು. ಅದು ಯಾವ ಕಡೆ ಹೋಯ್ತು, ಹೇಳು."

ಆ ಊರಲ್ಲಿ ಕಾಡುಬೆಳ್ಳುಳ್ಳಿ ಎಲ್ಲಿ ಬೆಳೆಯುತ್ತದೆಂದು ಗೊತ್ತಿದ್ದದ್ದು ರಾದ್ಮಿಲಾಳ ಅತ್ತೆ ಪೆರ್ಸಿದಾಗೆ ಮಾತ್ರ. ಒಮ್ಮೆ ಬೆನ್ನು ಹತ್ತಿದ ಕೊಸಾರಾಳನ್ನು ಆ ಮಹಾತಾಯಿ ಮಧ್ಯಾಹ್ನದವರೆಗೆ ಮುಳ್ಳುಪೊದೆಗಳಲ್ಲಿ ಸುತ್ತಿಸಿ, ಕೊನೆಗೆ ಅವಳದೇ ಹಿತ್ತಿಲಿಗೆ ತಂದು ಬಿಟ್ಟಿದ್ದಳು. ಸೊಸೆಗೂ ಜಾಗ ತೋರಿಸಿರಲಿಲ್ಲ. ಸೊಸೆಗೆ ತಿಳಿದರೆ ಅವಳ ಚಿಕ್ಕಮ್ಮನಿಗೆ ತಿಳಿದ ಹಾಗೇ ಎನ್ನುತ್ತಿದ್ದಳು. ಮದುವೆಯಾಗಿ ಬಂದ ಆರು ವರ್ಷದಿಂದ ರಾದ್ಮಿಲಾಳ ಪಾಲಿಗೆ ಬಂದದ್ದು ಎಲೆ ತೊಳೆದು ನೀರಾರಿಸುವುದು, ಹೆಚ್ಚುವುದು, ಉಪ್ಪು ಬೆರೆಸಿ ಜಾಡಿಗೆ ಒತ್ತಿ ಮೇಲೆ ಒಂದು ಬೆರಳು ಎಣ್ಣೆ ನಿಲ್ಲಿಸುವುದು, ಇಷ್ಟೇ. ಈ ವಸಂತದಲ್ಲಿ ಅತ್ತೆಗೆ ಮಂಡಿ ಹಿಡಿದುಕೊಂಡಿತ್ತು. ಏಪ್ರಿಲ್ ಅರ್ಧ ಕಳೆದರೂ ಜಾಡಿಗಳು ಖಾಲಿ. ಇನ್ನು ಹತ್ತು ದಿನ ಬಿಟ್ಟರೆ ಹೂ ಬಂದು ಎಲೆಯ ರುಚಿ ಕೆಡುತ್ತದೆ. ಆದರೂ ಮುದುಕಿ ಬಾಯಿ ಬಿಟ್ಟಿರಲಿಲ್ಲ.

ನಿನ್ನೆ ರುಮೆಂಕಾ ಹಗ್ಗ ಕಿತ್ತುಕೊಂಡು ಹಳ್ಳ ದಾಟಿ ಓಡಿತ್ತು. ಹಿಂದೆಯೇ ಓಡಿದ ರಾದ್ಮಿಲಾ ಬೀಚ್ ಎಂಬ ಕಾಡುಮರಗಳ ಕೆಳಗೆ ನಿಂತುಬಿಟ್ಟಳು. ಕಣ್ಣು ಹಾಯುವಷ್ಟು ದೂರ ಎಳೆ ಹಸಿರೆಲೆ, ಮೂಗು ತುಂಬ ಬೆಳ್ಳುಳ್ಳಿ ವಾಸನೆ. ಕಿತ್ತು ತಂದರೆ ಅತ್ತೆ ಏನೆನ್ನುತ್ತಾಳೋ ಎಂದು ಹೆದರಿ ಒಂದೆಲೆಯನ್ನೂ ಮುಟ್ಟದೆ ಹಸುವನ್ನು ಎಳೆದು ತಂದಿದ್ದಳು.

"ನಾನು ನಿನ್ನಮ್ಮನ ಒಡಹುಟ್ಟಿದೋಳು ಕಣೇ. ನಂಗೆ ಹೇಳ್ದೆ ಇನ್ಯಾರಿಗೆ ಹೇಳ್ತೀಯ?" ಎಂದಳು ಕೊಸಾರಾ.

ರಾದ್ಮಿಲಾಳನ್ನು ತೊಟ್ಟಿಲಿನಿಂದ ಎತ್ತಿ ಆಡಿಸಿದವಳು ಈ ಚಿಕ್ಕಮ್ಮ. ಒಳಗೆ ಅಡುಗೆಮನೆಯಲ್ಲಿ ಅತ್ತೆಯ ಪಾತ್ರೆಗಳ ಸದ್ದು ನಿಂತಿತ್ತು.

"ಕಾಡೂ ಇಲ್ಲ, ಮೇಡೂ ಇಲ್ಲ ಚಿಕ್ಕಮ್ಮ. ಕೊಟ್ಟಿಗೆ ತೊಲೆಗೆ ನೇತುಹಾಕಿದ್ದ ಬೆಳ್ಳುಳ್ಳಿ ಗೊಂಚಲನ್ನೆಲ್ಲ ಆ ಹಾಳು ಹಸು ತಿಂದ್ಹಾಕಿದೆ. ವರ್ಷದ ಬೆಳ್ಳುಳ್ಳಿ. ಅತ್ತೆ ಬೆಳಗ್ಗಿಂದ ನನ್ನ ಜೊತೆ ಮಾತಾಡಿಲ್ಲ."

"ಪೂರ್ತಿನಾ?"

"ಒಂದು ಎಸಳೂ ಬಿಟ್ಟಿಲ್ಲ."

ಕೊಸಾರಾ ಅವಳ ಮುಖವನ್ನೇ ನೋಡಿದಳು. "ಅಯ್ಯೋ ಪಾಪ. ನಾಳೆ ನಮ್ಮನೇದು ನಾಲ್ಕು ಗಡ್ಡೆ ತಂದುಕೊಡ್ತೀನಿ ಬಿಡು," ಎಂದು ಕ್ಯಾನ್ ಎತ್ತಿಕೊಂಡು ಹೊರಟಳು.

ರಾದ್ಮಿಲಾ ಒಳಗೆ ಹೋದರೆ ಅಡುಗೆಮನೆಯಲ್ಲಿ ಯಾರೂ ಇಲ್ಲ. ಪೆರ್ಸಿದಾ ಹಿಂಬಾಗಿಲಿನಿಂದ ಕೊಟ್ಟಿಗೆಗೆ ಹೋಗಿ, ಹುಲ್ಲೆತ್ತುವ ಕವೆಗೋಲಿನಿಂದ ಬೆಳ್ಳುಳ್ಳಿ ಗೊಂಚಲುಗಳನ್ನು ಒಂದೊಂದಾಗಿ ಇಳಿಸಿ ಗೋಣಿಚೀಲಕ್ಕೆ ತುಂಬುತ್ತಿದ್ದಳು.

"ಹಳ್ಳ ದಾಟಿ, ಬೀಚ್ ಮರದ ಕೆಳಗೆ ತಾನೆ?" ತಿರುಗದೆಯೇ ಕೇಳಿದಳು.

"ಹೂಂ ಅತ್ತೆ."

"ಬುಟ್ಟಿ ತಗೊಂಡು ಈಗ್ಲೇ ಹೋಗು. ಗಿಡಕ್ಕೆ ಒಂದೇ ಎಲೆ ಕೀಳು. ನಮ್ಮ ಜಾಗ ಅದು, ಮುಂದಿನ ವರ್ಷಕ್ಕೂ ಬೇಕು."

ರಾದ್ಮಿಲಾಗೆ ಕುಣಿಯುವಷ್ಟು ಖುಷಿಯಾಯಿತು. ಆರು ವರ್ಷ ಕಾದ ಮಾತು ಅದು. "ಹೋಗ್ತೀನಿ. ಆದ್ರೆ ಈ ಗೊಂಚಲು ಯಾಕೆ ಇಳಿಸ್ತಿದೀರಿ?"

"ನಿನ್ನ ಚಿಕ್ಕಮ್ಮ ನಾಳೆ ಬಂದೋಳು ಮೊದಲು ನೋಡೋದೇ ಈ ತೊಲೆ," ಎಂದು ಪೆರ್ಸಿದಾ ಕೊನೆಯ ಗೊಂಚಲನ್ನು ಎಳೆದು ಬೀಳಿಸಿದಳು. "ಸುಳ್ಳನ್ನ ಹೆತ್ತರೆ ಸಾಲದು ಮಗಳೇ, ಸಾಕಬೇಕು."