ಗೊತ್ತಿಲ್ಲ ಎನ್ನುವ ಉತ್ತರ

ಶೈಲಾ ಸಿಸ್ಟರ್ ಸೂಜಿ ಹತ್ತಿರ ತಂದ ಕೂಡಲೇ ಐಗಳಿ ಹಳ್ಳಿಯಿಂದ ಜ್ವರವೆಂದು ಬಂದಿದ್ದ ಅಜ್ಜಿ ಕೆಂಚವ್ವ ತೋಳು ಹಿಂದಕ್ಕೆಳೆದುಕೊಂಡಳು.

"ಇದು ಪೆನ್ಸಿಲಿನ್ ಏನವ್ವಾ? ನನಗ ಅದು ಆಗಿಬರೂದಿಲ್ಲ. ಹಿಂದೊಮ್ಮೆ ಉಸುರ ಸಿಕ್ಕೊಂಡಿತ್ತು."

ಶೈಲಾ ಕಂಪ್ಯೂಟರ್ ಪರದೆಯತ್ತ ನೋಡಿದಳು. 'ಅಲರ್ಜಿ ಇಲ್ಲ' ಎಂದಿತ್ತು. ಆದರೂ ಸೂಜಿಯನ್ನು ಮೆಲ್ಲಗೆ ಟ್ರೇಯಲ್ಲಿಟ್ಟಳು. ಅಥಣಿಯ ಆ ಪುಟ್ಟ ದವಾಖಾನೆಗೆ ಪ್ರಿಂಟರ್ ಜೋಡಿಸಲೆಂದು ನಿಪ್ಪಾಣಿಯಿಂದ ಬಂದಿದ್ದ ಸರಿತಾ ಬಾಗಿಲಲ್ಲೇ ನಿಂತಿದ್ದಳು. ಪರದೆಯ ಮೇಲಿನ ಆ ಮಾತು ಅವಳು ಬರೆದ ಪ್ರೋಗ್ರಾಂ ಹೇಳಿದ್ದು.

ತಪ್ಪು ಹುಡುಕಲು ಹೊತ್ತು ಹಿಡಿಯಲಿಲ್ಲ. ರೋಗಿಯ ನಂಬರು ಕೊಟ್ಟರೆ ಪ್ರೋಗ್ರಾಂ ಅಲರ್ಜಿಗಳನ್ನು ಬರೆದಿಡುವ ಕೋಶದಲ್ಲಿ ಹುಡುಕಿ ಉತ್ತರ ತರಬೇಕು. ಕೆಂಚವ್ವನ ನಂಬರು ಅಲ್ಲಿರಲೇ ಇಲ್ಲ. ಅವಳನ್ನು ಯಾರೂ ಕೇಳಿರಲಿಲ್ಲ. ಬರಿಗೈಯಲ್ಲಿ ಮರಳಿದ ಪ್ರೋಗ್ರಾಂ, ಸಿಗಲಿಲ್ಲವೆಂದರೆ ಅಲರ್ಜಿಯೇ ಇಲ್ಲವೆಂದು ತಿಳಿದುಕೊಂಡಿತ್ತು.

ಈ ಅಜ್ಜಿಯ ಅಲರ್ಜಿಯೊಂದನ್ನು ಸೇರಿಸಿಬಿಟ್ಟರೆ ಮುಗಿಯಿತಲ್ಲ ಎಂದರು ದವಾಖಾನೆಯ ಡಾಕ್ಟರ್ ಮಹಾವೀರ. ಸರಿತಾಳ ಮನಸ್ಸು ಒಪ್ಪಲಿಲ್ಲ. ನಿಪ್ಪಾಣಿಗೆ ಮರಳಿದವಳೇ ಕೋಶಗಳ ಟೈಪನ್ನೇ, ಅಂದರೆ ಅವನ್ನು ಬಳಸುವ ಕಟ್ಟಳೆಯನ್ನೇ, ಬದಲಿಸಿದಳು. ಇನ್ನು ಮುಂದೆ ನಂಬರು ಕೋಶದಲ್ಲಿದೆಯೇ ಎಂದು ಮೊದಲು ಕೇಳಬೇಕು. ಇದ್ದರೆ ಅದಕ್ಕೊಂದು ಮುದ್ರೆ ಬೀಳುತ್ತದೆ. ಮುದ್ರೆಯಿಲ್ಲದ ನಂಬರಿನಿಂದ ಹುಡುಕುವ ಒಂದೇ ಒಂದು ಸಾಲಿದ್ದರೂ, ಬರೆದದ್ದನ್ನು ಪರೀಕ್ಷಿಸಿ ಪ್ರೋಗ್ರಾಂ ಕಟ್ಟಿಕೊಡುವ ಕಂಪೈಲರ್ ಒಪ್ಪುವುದಿಲ್ಲ, ಪ್ರೋಗ್ರಾಂ ತಯಾರಾಗುವುದೇ ಇಲ್ಲ. 'ಅಲರ್ಜಿ ಇಲ್ಲ' ಎನ್ನುವುದಕ್ಕೂ ಆ ಮುದ್ರೆ ಬೇಕು; ಮುದ್ರೆಯಿಲ್ಲದಿದ್ದರೆ 'ಗೊತ್ತಿಲ್ಲ' ಎನ್ನಬೇಕು.

ಬದಲಿಸಿದ್ದೇ ತಡ, ಪರದೆಯ ತುಂಬ ತಪ್ಪು ತೋರಿಸುವ ಕೆಂಪು ಗೆರೆಗಳೆದ್ದವು. ಔಷಧದ ಪ್ರಮಾಣ, ರಕ್ತದ ಗುಂಪು, ಎಲ್ಲ ಕಡೆಯೂ, ಸಿಗದಿದ್ದರೂ ಏನೋ ಒಂದು ಉತ್ತರ ಕೊಟ್ಟುಬಿಡುವ ಅದೇ ಊಹೆ. ಇಷ್ಟು ದಿನ ಏನೂ ಆಗದೆ ಉಳಿದದ್ದೇ ದೊಡ್ಡದು ಎನಿಸಿತು ಅವಳಿಗೆ. ಬೇರೆ ಕೆಲಸ ಬದಿಗಿಟ್ಟು ಒಂದೊಂದನ್ನೇ ತಿದ್ದಿದಳು. ಕೊನೆಯ ಗೆರೆ ಅಳಿದ ದಿನ ಹೊಟ್ಟೆ ತುಂಬ ಉಂಡಳು.

ಅವಳು ಅಥಣಿಗೆ ತಂದು ಹಾಕಿದ ಹೊಸ ಪ್ರೋಗ್ರಾಂ ನೋಡಿ ಡಾಕ್ಟರ ಮುಖ ಸಣ್ಣದಾಯಿತು. ಬಂದ ರೋಗಿಗಳಲ್ಲಿ ಬಹಳಷ್ಟು ಮಂದಿಗೆ ಅದು 'ಗೊತ್ತಿಲ್ಲ' ಎನ್ನುತ್ತಿತ್ತು.

"ದವಾಖಾನ್ಯಾಗ ಗೊತ್ತಿಲ್ಲ ಅಂತ ಬರದ್ರ ಮಂದಿ ಏನಂದಾರು? ಅದೊಂದು ತಗದ್ಬಿಡ್ರಿ."

"ತಗದ್ರ ಪ್ರೋಗ್ರಾಂ ತಯಾರ ಆಗೂದಿಲ್ರಿ ಸರ. ಗೊತ್ತಿಲ್ಲದ್ದನ್ನ ಇಲ್ಲ ಅನ್ನಾಕ ಈಗ ಅದಕ್ಕ ಬರೂದಿಲ್ಲ."

ಅಷ್ಟರಲ್ಲಿ ಮಾಳಸಿದ್ದ ಎಂಬ ಹಳೆಯ ರೋಗಿ ಕೆಮ್ಮುತ್ತ ಒಳಗೆ ಬಂದ. ಪರದೆ ಮತ್ತೆ 'ಗೊತ್ತಿಲ್ಲ' ಎಂದಿತು. ಡಾಕ್ಟರು ಅದನ್ನೇ ಒಂದು ಗಳಿಗೆ ನೋಡಿ, ಕುರ್ಚಿಯನ್ನು ಅವನ ಕಡೆ ತಿರುಗಿಸಿಕೊಂಡು, ಯಾವುದಾದರೂ ಔಷಧ ಮೈಗೆ ಆಗಿಬರುವುದಿಲ್ಲವೇ ಎಂದು ಕೇಳಿದರು.

ಮಾಳಸಿದ್ದ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನಿಮ್ಮ ಅಪ್ಪಾರ ಕಾಲದಿಂದ ಬರಾಕತ್ತೀನ್ರಿ ಸಾಹೇಬ್ರ. ಹಿಂಗ ಕೇಳಿದವ್ರು ನೀವ ಮೊದಲು."